ಮಾಫಿಯಿಲ್ಲದ ರೋಜಾ

ಹುಣಸೂರು,
೧೮-೧೨-೧೯೩೬, ಶುಕ್ರವಾರ

ಮುದ್ದಿನ ಮಗ ರಜಾಕನಿಗೆ ನಿನ್ನ ಅಮ್ಮ ಖತೀಜಾಬಿಯ ಸಾವಿರ ದುವಾ.

ಹೇಗಿದ್ದೀಯ ಕಂದಾ? ಮೈಸೂರಿನ ಚಳಿಗೆ ನಿನ್ನ ಕೆಮ್ಮು ಮತ್ತೆ ತಿರುಗಿಕೊಂಡಿತೋ ಏನೋ. ಸೊಸೆ ರಜಿಯಾ ಕೊಟ್ಟ ಕಷಾಯವನ್ನು ಮುಖ ಸಿಂಡರಿಸದೆ ಕುಡಿ. ಚಿಕ್ಕಂದಿನಲ್ಲಿ ನನ್ನ ಕಣ್ಣು ತಪ್ಪಿಸಿ ಹಿತ್ತಲಿಗೆ ಚೆಲ್ಲುತ್ತಿದ್ದೆ, ನನಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡ. ನಾನು ಇದ್ದೇನೆ. ಈ ಸಲ ಈದಿಗೆ ಮನೆಯಲ್ಲಿ ಶಾವಿಗೆ ಮಾಡಲಿಲ್ಲ. ಗಂಡ ಹೋದವಳ ಇದ್ದತ್, ನಾಲ್ಕು ತಿಂಗಳು ಹತ್ತು ದಿನ, ಮುಗಿಯುವ ತನಕ ಹೊಸಿಲು ದಾಟುವಂತಿಲ್ಲ, ಇಲ್ಲದಿದ್ದರೆ ಬಸ್ಸು ಹತ್ತಿ ಬಂದು ನಿನ್ನೆದುರಿಗೇ ಕೂತು ಇದನ್ನು ಹೇಳುತ್ತಿದ್ದೆ. ಮೂರನೇ ಕ್ಲಾಸಿನ ಕನ್ನಡ ಎಷ್ಟು ದೂರ ಎಳೆಯುತ್ತದೋ ನೋಡೋಣ, ತಪ್ಪಿದ್ದರೆ ನಗಬೇಡ.

ಅಬ್ಬಾ ಹೋದಾಗ ನಿನಗೆ ತಂತಿ ತಡವಾಗಿ ಮುಟ್ಟಿತು. ಮಣ್ಣಿಗೆ ನೀನು ಸಿಗಲಿಲ್ಲ. ಮೂರನೇ ದಿನ ಬಂದು ಏನಾಗಿತ್ತಮ್ಮಾ ಎಂದು ಕೇಳಿದಾಗ ಜ್ವರ ಅಂದೆ. ಜ್ವರ ಅಲ್ಲ ಮಗಾ. ನಿನ್ನ ಮುಖ ನೋಡಿ ನಿಜ ಹೇಳಲು ನನಗೆ ಧೈರ್ಯ ಬರಲಿಲ್ಲ.

ಹದಿನಾರು ವರ್ಷದ ಹಿಂದೆ ಗಾಡಿ ಕಾರ್ಖಾನೆಯಲ್ಲಿ ಮರದ ದಿಮ್ಮಿ ಉರುಳಿ ಅವರ ಸೊಂಟ ಮುರಿದದ್ದು ನಿನಗೆ ಸರಿಯಾಗಿ ನೆನಪಿರಲಾರದು. ಹಕೀಮರು ನೋವಿಗೆಂದು ಕಡಲೆಕಾಳಿನಷ್ಟು ಅಫೀಮು ಕೊಟ್ಟರು. ಆ ಗುಳಿಗೆ ನುಂಗಿಕೊಂಡೇ ಅವರು ಎದ್ದು ನಿಂತರು, ಚಕ್ರ ಕಟ್ಟಿದರು, ನಿನ್ನನ್ನು ಓದಿಸಿದರು. ಬೆಳಿಗ್ಗೆ ಒಂದು, ಸಂಜೆ ಒಂದು. ಯಾರ ಮನೆ ಬಾಗಿಲಲ್ಲೂ ಬಿದ್ದವರಲ್ಲ, ನನ್ನ ಮೇಲೆ ಕೈ ಎತ್ತಿದವರಲ್ಲ. ಆದರೂ ಊರವರು ಅಫೀಮು ಫಕ್ರುದ್ದೀನ್ ಎಂದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ರಂಜಾನ್ ತಿಂಗಳು ಹಿಡಿಯುವ ಹಿಂದಿನ ದಿನ ನೀನು ಬಂದು ಅಮಲು ಬಿಡಿಸುವ ನಿಮ್ಮ ಸಂಘದ ಮಾತೆಲ್ಲ ಹೇಳಿದಾಗ ನಿನಗಿಂತ ನಾನೇ ಮುಂದೆ ನಿಂತೆ. ಹಗಲೆಲ್ಲ ನೀರನ್ನೇ ಬಿಡುವ ಮನುಷ್ಯರು ಒಂದು ಗುಳಿಗೆ ಬಿಡಲಾರರೇ, ಬಿಡಿಸುವುದಾದರೆ ಈ ತಿಂಗಳೇ ಸರಿ ಎಂದವಳು ನಾನು. ನೀನು ಗುಳಿಗೆಯ ಡಬ್ಬಿಯನ್ನು ಲಕ್ಷ್ಮಣತೀರ್ಥ ಹೊಳೆಗೆ ಎಸೆದು ಬಂದೆ. ನೀನೇ ಅವರ ಕೈ ಹಿಡಿದು ಮಾತು ತೆಗೆದುಕೊಂಡೆ. ಇದು ಕಾಯಿಲೆಯಲ್ಲ ಅಬ್ಬಾ, ಬರೀ ಚಟ, ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಎಂದೆ. ಅವರು ನಿನ್ನನ್ನು ನೋಡಿ ನಕ್ಕು ಹೂಂ ಅಂದರು.

ಎರಡನೇ ದಿನಕ್ಕೇ ಮೈ ನಡುಕ, ಕಣ್ಣು ಮೂಗಲ್ಲಿ ನೀರು. ರೋಜಾದ ಉಪವಾಸದ ಸುಸ್ತು ಅಂದುಕೊಂಡೆ. ನಾಲ್ಕನೇ ದಿನಕ್ಕೆ ವಾಂತಿ, ಭೇದಿ. ಇಫ್ತಾರಿಗೆ ಕುಡಿದ ಗಂಜಿಯೂ ಒಳಗೆ ನಿಲ್ಲುತ್ತಿರಲಿಲ್ಲ. ಅಫೀಮಿನ ಅಂಗಡಿ ನಾಲ್ಕು ಹೆಜ್ಜೆಯಲ್ಲೇ ಇತ್ತು. ಮಗನಿಗೆ ಮಾತು ಕೊಟ್ಟಿದ್ದೇನೆ ಎಂದು ಆ ಕಡೆ ತಿರುಗಿಯೂ ನೋಡಲಿಲ್ಲ. ರೋಜಾನಾದರೂ ಬಿಡಿ ಎಂದು ಕಾಲು ಹಿಡಿದೆ. ಆಗ ಅವರು ಹೇಳಿದ್ದು ಇಷ್ಟೇ: “ಕಾಯಿಲೆಯೋರಿಗೆ ರೋಜಾ ಮಾಫಿ ಐತೆ ಕಣೆ. ನಂದು ಕಾಯಿಲೆ ಅಲ್ಲ, ಚಟ ಅಂತ ನಿನ್ ಮಗನೇ ಹೇಳವ್ನಲ್ಲ.” ಎಂಟನೇ ರೋಜಾದ ಸಂಜೆ ಹೋಗಿಬಿಟ್ಟರು. ಆಮೇಲೆ ಬಂದ ಆಸ್ಪತ್ರೆಯ ಡಾಕ್ಟರು, ಒಂದೇ ಸಲ ನಿಲ್ಲಿಸಬಾರದಿತ್ತು, ವಾರ ವಾರ ಸ್ವಲ್ಪ ಸ್ವಲ್ಪ ಇಳಿಸಬೇಕಿತ್ತು ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮುಂದಿನ ಭಾನುವಾರ ಮೈಸೂರಿನಲ್ಲಿ ದೊಡ್ಡ ಸಭೆಯಂತೆ. ಅಫೀಮಿನ ಅಂಗಡಿಗಳನ್ನೆಲ್ಲ ಒಂದೇ ದಿನ ಮುಚ್ಚಿಸಿ ಎಂದು ಸರ್ಕಾರಕ್ಕೆ ಅರ್ಜಿಯಂತೆ, ನೀನೇ ಭಾಷಣವಂತೆ. ಅಬ್ಬಾನ ಹತ್ತಿರ ಗಾಡಿ ಮಾಡಿಸುತ್ತಿದ್ದ ರಾವಂದೂರಿನ ಕೆಂಪಯ್ಯ ಮೊನ್ನೆ ಬಂದು, ಜಗಲಿ ಮೇಲೆ ಕೂತು, ಪರದೆಯ ಆಚೆಯಿಂದ ಕೇಳಿದ. “ಅಂಗ್ಡಿ ಮುಚ್ಚುದ್ರೆ ನಂಗೂ ನಿಮ್ ಯಜಮಾನ್ರ ದಾರೀನೇ ಕಣಮ್ಮ. ನಿಮ್ ಮಗುಂಗೆ ಒಂದ್ ಮಾತು ಹೇಳ್ರಿ.” ಅವನೂ ಕೀಲುನೋವಿಗೆ ಹಿಡಿದು ಬಿಡಲಾಗದವನು. ಅಂಗಡಿ ಇರಲಿ ಎಂದು ನಾನು ಹೇಳುವುದಿಲ್ಲ, ಅದು ಹಾಳಾಗಿ ಹೋಗಲಿ. ಆದರೆ ಮೊದಲು ಇಂಥವರನ್ನು ಆಸ್ಪತ್ರೆಗೆ ಕರೆಯಲಿ, ಗುಳಿಗೆ ಇಳಿಸುತ್ತಾ ಬರಲಿ, ಆಮೇಲೆ ಮುಚ್ಚಲಿ. ಇದು ಕಾಯಿಲೆ ಎಂದು ನಿನ್ನ ಬಾಯಿಂದಲೇ ಹೇಳು. ನಿಮ್ಮವರು ನಿನ್ನನ್ನು ಬೈದರೆ ಬೈಯಲಿ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಇರಲಿಲ್ಲ. ರಜಿಯಾಗೆ ನನ್ನ ದುವಾ ಹೇಳು, ಬಸುರಿ ಹೆಂಗಸು ಭಾರ ಎತ್ತದ ಹಾಗೆ ನೋಡಿಕೋ. ಅಲ್ಲಾ ನಿಮ್ಮನ್ನು ಸುಖವಾಗಿಡಲಿ.

ನಿನ್ನ ಅಮ್ಮ,
ಖತೀಜಾಬಿ

ತಾ.ಕ.— ಟಪಾಲಿನವನು ಬಂದ. ಇಷ್ಟು ಬರೆದೂ ಒಂದನ್ನು ನುಂಗಿಕೊಂಡಿದ್ದೆ. ಕೊನೆಯ ದಿನ ಇಳಿಹೊತ್ತು, ಅಸರ್ ನಮಾಜಿನ ಹೊತ್ತಿಗೆ ಅವರು ಒಂದೇ ಒಂದು ಸಲ ನೀರು ಕೇಳಿದರು. ಏಳು ದಿನ ತಡೆದಿದ್ದಾರೆ, ಈಗ ಮುರಿದರೆ ಆಮೇಲೆ ಗುಳಿಗೆಯನ್ನೂ ಕೇಳುತ್ತಾರೆ ಎಂದು ಹೆದರಿ, ಇನ್ನೊಂದು ಗಳಿಗೆ ತಡೀರಿ ಅಂದೆ. ಅವರು ಮತ್ತೆ ಕೇಳಲಿಲ್ಲ. ಮಸೀದಿಯಲ್ಲಿ ರೋಜಾ ಬಿಡುವ ಬಾಂಗ್ ಕೂಗಿದ ಮೇಲೆ ಲೋಟ ತೆಗೆದುಕೊಂಡು ಹೋದೆ. ಬಾಯಿ ತೆರೆಯಲಿಲ್ಲ ಕಣೋ.