ಚಿಂಗ್‌ಯಾಳಿಗೆ ಕೇಳಿಸುತ್ತಿರುವ ಅಳು

ಪಾಂಡಾ ಸಂತಾನಾಭಿವೃದ್ಧಿ ಕೇಂದ್ರದ ಮಾನ್ಯ ನಿರ್ದೇಶಕರೇ,

ಸತ್ತುಹೋದ ಮರಿಯ ಅಳುವನ್ನು ಅದರ ತಾಯಿಗೆ ಕೇಳಿಸುವುದನ್ನು ಇನ್ನಾದರೂ ನಿಲ್ಲಿಸಿ. ಇದೇ ಮಾತನ್ನು ತಮ್ಮ ಕೊಠಡಿಯಲ್ಲಿ ನಿಂತು ಎರಡು ಸಲ ಹೇಳಿದೆ. ಮೊದಲ ಸಲ ತಾವು ಚಹಾ ತರಿಸಿದಿರಿ, ಎರಡನೆಯ ಸಲ ಗಡಿಯಾರ ನೋಡಿದಿರಿ. ಆಮೇಲೆ ಕೊಟ್ಟ ಅರ್ಜಿಗೆ ಉತ್ತರವಾಗಿ ನನ್ನನ್ನು ಬಿದಿರಿನ ಶೆಡ್ಡಿಗೆ ವರ್ಗ ಮಾಡಿದಿರಿ. ಆದ್ದರಿಂದ ಈ ಸಲ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮ ಹೆಬ್ಬಾಗಿಲಿನ ಫಲಕದಲ್ಲಿ ಈವರೆಗೆ ಹುಟ್ಟಿದ ಮರಿಗಳ ಸಂಖ್ಯೆ ಕೆಂಪಕ್ಷರದಲ್ಲಿದೆ. ಸತ್ತವುಗಳಿಗೆ ಅಲ್ಲಿ ಜಾಗ ಸಾಲಲಿಲ್ಲವೇನೋ, ಒಂದರ ವಿಷಯ ನಾನೇ ತಿಳಿಸುತ್ತೇನೆ. ಕಳೆದ ಆಗಸ್ಟಿನಲ್ಲಿ ಚಿಂಗ್‌ಯಾ ಎಂಬ ನಮ್ಮ ಹೆಣ್ಣು ಪಾಂಡಾ ಒಂದು ಮರಿ ಹಾಕಿದಳು. ಅಂಗೈಯಲ್ಲಿ ಹಿಡಿಸುವಷ್ಟು, ಕೆಂಪಗೆ, ಕಣ್ಣು ಮುಚ್ಚಿಕೊಂಡ ಜೀವ. ಮೊದಲ ನಾಲ್ಕು ದಿನ ಆಕೆ ಬಿದಿರೂ ಮುಟ್ಟಲಿಲ್ಲ, ನೀರೂ ಕುಡಿಯಲಿಲ್ಲ. ಮರಿಯನ್ನು ಎದೆಗವಚಿಕೊಂಡೇ ಕೂತಿದ್ದಳು. ಇಪ್ಪತ್ತಮೂರನೆಯ ದಿನ, ತಮ್ಮ ಕಚೇರಿಯ ಆಜ್ಞೆಯಂತೆ, ಜೇನುನೀರಿನ ಬಟ್ಟಲು ತೋರಿಸಿ ಆಕೆಯ ಗಮನ ಸೆಳೆದು ಮರಿಯನ್ನು ಎತ್ತಿಕೊಂಡವಳು ನಾನು. ತೂಕ ನೋಡಬೇಕಿತ್ತು, ಸಂಶೋಧನೆಗೆಂದು ಅದರ ಅಳುವನ್ನು ಧ್ವನಿಮುದ್ರಿಸಿಕೊಳ್ಳಬೇಕಿತ್ತು. ಅಳು ಚೆನ್ನಾಗಿಯೇ ಬಂತು. ಬಳಿಕ ಬಾಟಲಿಯಲ್ಲಿ ಕುಡಿಸುವಾಗ ಹಾಲು ಶ್ವಾಸಕೋಶಕ್ಕೆ ಹೋಗಿ, ಸಂಜೆಯೊಳಗೆ ಮರಿ ನನ್ನ ಕೈಯಲ್ಲೇ ತಣ್ಣಗಾಯಿತು. ಅದನ್ನು ಶೀತಪೆಟ್ಟಿಗೆಯಲ್ಲಿಟ್ಟರು. ತಾಯಿ ಅದನ್ನು ನೋಡಲಿಲ್ಲ, ಮೂಸಲಿಲ್ಲ. ಅವಳ ಲೆಕ್ಕದಲ್ಲಿ ಮರಿ ಇನ್ನೂ ಆ ಗೋಡೆಯ ಆಚೆಗಿದೆ.

ಮೂರು ದಿನ ಕಳೆದು ಪಶುವೈದ್ಯ ಪು ಒಂದು ಸ್ಪೀಕರ್ ಹಿಡಿದುಕೊಂಡು ಬಂದ. ಪಕ್ಕದ ಕೋಣೆಯಲ್ಲಿ ಚೊಚ್ಚಲ ಬಾಣಂತಿ ಪಾಂಡಾ ಒಬ್ಬಳು ಹೆದರಿ ತನ್ನ ಮರಿಯನ್ನು ಎತ್ತಿಕೊಂಡೇ ಇರಲಿಲ್ಲ.

"ಶ್ಯೂರೊಂಗ್ ಅಕ್ಕಾ, ಚಿಂಗ್‌ಯಾ ಕಂಬಿ ಹತ್ರಾನೇ ಬರ್ತಿಲ್ಲ. ಅಳು ಕೇಳಿಸಿದ್ರೆ ಬರ್ತಾಳೆ, ಹಾಲು ಹಿಂಡಿ ಪಕ್ಕದ ಮರೀಗೆ ಕೊಡಬಹುದು."

"ಯಾರ ಅಳು?"

ಅವನು ನೆಲ ನೋಡಿದ. "ಇರೋದು ಅದೊಂದೇ ಅಲ್ವಾ ಅಕ್ಕಾ? ಆ ಮರೀನೂ ಸಾಯ್ಲಿ ಅಂತೀರಾ?"

ನಾನು ಗುಂಡಿ ಒತ್ತಿದೆ. ಮೂಲೆಯಲ್ಲಿದ್ದವಳು ಎದ್ದು ಓಡಿ ಬಂದಳು. ಕಂಬಿಗೆ ಎದೆಯೊಡ್ಡಿ ನಿಂತಳು. ಹಾಲು ಬಂತು. ಪಕ್ಕದ ಮರಿ ಬದುಕಿತು, ಈಗ ಮರ ಹತ್ತುತ್ತಿದೆ. ಇದನ್ನು ನಾನು ಮುಚ್ಚಿಡುವುದಿಲ್ಲ. ಆ ಮೊದಲ ದಿನಗಳ ಬಗ್ಗೆ ತಮ್ಮ ಮೇಲೆ ನನ್ನ ದೂರೂ ಇಲ್ಲ.

ಆದರೆ ಅಕ್ಟೋಬರಿನಲ್ಲೇ ಆ ಮರಿಗೆ ಪುಡಿಹಾಲು ಒಗ್ಗಿತಲ್ಲ, ಆಮೇಲೂ ಸ್ಪೀಕರ್ ಯಾಕೆ ಅಲ್ಲೇ ಉಳಿಯಿತು? ಅತಿಥಿಗಳು ಬಂದ ದಿನ ತಾವೇ "ಆ ಅಳು ಹಾಕಮ್ಮಾ, ನೋಡ್ಲಿ" ಎಂದಿರಿ. ಅವಳು ತಿನ್ನುತ್ತಿದ್ದುದನ್ನು ಬಿಟ್ಟು ಓಡಿ ಬಂದಳು. ಅತಿಥಿಗಳು ಚಪ್ಪಾಳೆ ತಟ್ಟಿದರು. ಒಬ್ಬ ಹೆಂಗಸು "ಮರಿ ಎಲ್ಲಿ?" ಎಂದು ಕೇಳಿದಾಗ ತಾವು ನಗುತ್ತಾ "ಒಳಗೆ ಮಲಗಿದೆ" ಎಂದಿರಿ. ಎಂಥ ಸಮಯಸ್ಫೂರ್ತಿ! ಎಲ್ಲರೂ ಊಟಕ್ಕೆ ಹೋದ ಮೇಲೆ ಚಿಂಗ್‌ಯಾ ಗೋಡೆಯ ಬುಡವನ್ನು ಕೆರೆಯುತ್ತಾ ಕೂತಳು. ಮರುದಿನ ನೋಡಿದರೆ ಎರಡು ಉಗುರು ಕಿತ್ತುಬಂದಿದ್ದವು.

ತಮಗೆ ಹೇಳಿದಾಗ ಬಂದ ಉತ್ತರ ನನಗೆ ಬಾಯಿಪಾಠ: "ಪ್ರಾಣಿಗೆ ಯಾವುದು ರೆಕಾರ್ಡು, ಯಾವುದು ಮರಿ ಅಂತ ಗೊತ್ತಾಗಲ್ಲಮ್ಮ. ನಿಮಗೆ ಗೊತ್ತಾಗುತ್ತೆ, ಅದೇ ತೊಂದರೆ."

ನಿಜ, ತೊಂದರೆ ಅದೇ. ನನಗೆ ಆ ಅಳು ಕೆಟಲಿನಲ್ಲಿ ಕೇಳುತ್ತದೆ, ಬಸ್ಸಿನ ಬ್ರೇಕಿನಲ್ಲಿ ಕೇಳುತ್ತದೆ. ಒಂದು ಮಧ್ಯಾಹ್ನ ಅಡುಗೆಮನೆಯ ಬಾಗಿಲು ಕಿರುಗುಟ್ಟಿದಾಗ ಊಟದ ಬಟ್ಟಲು ಬಿಟ್ಟು ಎದ್ದುಬಿಟ್ಟೆ. ನನ್ನ ಗಂಡ ಶೌಲಿನ್ ಏನೂ ಕೇಳದೆ ಹೋಗಿ ತಿರುಗಣಿಗೆ ಎಣ್ಣೆ ಬಿಟ್ಟು ಬಂದ. "ಹಾಕಿದೀನಿ ಕಣೇ, ಇನ್ನು ಅಳಲ್ಲ. ತೋಫು ಆರ್ತಾ ಇದೆ, ತಿನ್ನು," ಎಂದ. ಬಾಗಿಲು ಸುಮ್ಮನಾಯಿತು.

ಮುಂದಿನ ಅತಿಥಿಗಳ ತಂಡ ಬಂದಾಗ ನಾನು ಗುಂಡಿ ಒತ್ತಲಿಲ್ಲ, ಅರ್ಜಿ ಬರೆದುಕೊಟ್ಟೆ. ಈಗ ಬೆಳಗಿನಿಂದ ಬಿದಿರು ಕಡಿಯುತ್ತೇನೆ. ಹತ್ತು ಗಂಟೆಗೆ ಅಂಗಳದಾಚೆಯಿಂದ ಆ ಮರಿ ಅಳುತ್ತದೆ. ಬೆದೆಗೆ ಮುಂಚೆ ತಾಯ್ತನ ಜಾಗೃತವಾಗಿರಬೇಕೆಂದು ತಮ್ಮ ಸುತ್ತೋಲೆ ಹೇಳುತ್ತದಂತೆ. ಇಪ್ಪತ್ತಮೂರು ದಿನ ಬದುಕಿದ ಮರಿ ಆರು ತಿಂಗಳಿಂದ ಅಳುತ್ತಿದೆ. ಇದಕ್ಕೆ ಸಂರಕ್ಷಣೆ ಎನ್ನುತ್ತೀರಾ?

ಹೋದ ವಾರ ಚಿಂಗ್‌ಯಾ ಬರಲಿಲ್ಲ. ಅಳು ಮೂರು ಸಲ ಕೇಳಿಸಿದರೂ ಗೋಡೆಗೆ ಬೆನ್ನು ಹಾಕಿ ಕೂತೇ ಇದ್ದಳು. ಇದನ್ನು ಪು ನನ್ನ ಶೆಡ್ಡಿಗೆ ಬಂದು ಹೇಳಿದ. ತಮ್ಮ ಟಿಪ್ಪಣಿಯನ್ನೂ ಅವನೇ ತೋರಿಸಿದ: "ಪ್ರತಿಕ್ರಿಯೆ ಕುಂದಿದೆ. ಈ ವರ್ಷ ಹುಟ್ಟುವ ಮರಿಗಳಿಂದ ಹೊಸ ಅಳು ಮುದ್ರಿಸಿಕೊಳ್ಳುವುದು." ತಾಯಿಯ ಎದೆ ಮೇಲಿದ್ದಾಗ ಮರಿ ಹಾಗೆ ಅಳುವುದಿಲ್ಲ, ಮಾನ್ಯರೇ. ಕಿತ್ತುಕೊಂಡು, ಹಾಲಿಗಾಗಿ ಕಾಯಿಸಿ, ಅಳಿಸಬೇಕು. ಎಷ್ಟು ಹೊತ್ತು ಎಂದು ಸುತ್ತೋಲೆಯಲ್ಲಿ ಬರೆಯುವಿರಾ?

ನನ್ನ ಬೇಡಿಕೆ ಇಷ್ಟು. ಆ ಧ್ವನಿಮುದ್ರಣವನ್ನು, ಅದರ ಪ್ರತಿಗಳ ಸಮೇತ, ಅಳಿಸಿಹಾಕಿ. ಹೊಸದನ್ನು ಮಾಡಬೇಡಿ. ಈ ವಸಂತದಲ್ಲಿ ಚಿಂಗ್‌ಯಾಳನ್ನು ಗಂಡಿನ ಬಳಿ ಬಿಡಬೇಡಿ. ಇನ್ನು ಮುಂದೆ ನಮ್ಮಲ್ಲಿ ಯಾವ ಮರಿ ಸತ್ತರೂ ಅದನ್ನು ಮೊದಲು ತಾಯಿಯ ಕೈಗೆ ಕೊಡಿ. ಅವಳು ನೆಕ್ಕಲಿ, ಎತ್ತಿಕೊಂಡು ತಿರುಗಲಿ. ಒಂದು ದಿನವೋ, ಮೂರು ದಿನವೋ, ಅವಳಾಗಿ ಕೆಳಗಿಡುವವರೆಗೆ ಯಾರೂ ಬಾಗಿಲು ತೆರೆಯಬೇಡಿ.

ಇಂತಿ,
ಹತ್ತೊಂಬತ್ತು ವರ್ಷ ಹೇಳಿದ್ದನ್ನೆಲ್ಲ ಮಾಡಿದವಳು,
ಲೆಂಗ್ ಶ್ಯೂರೊಂಗ್