ತೂತಿಲ್ಲದ ಎಲೆಕೋಸು

ಉತ್ತರ ಕಿನಾಂಗೊಪ್
ಮಂಗಳವಾರ, 14 ಜುಲೈ 1987

ಪ್ರೀತಿಯ ಮಗಳು ನ್ಯಾಗಾಕಿಗೆ,

ನಿನ್ನ ಬೆನ್ನುನೋವು ಹೇಗಿದೆ? ಅಳಿಯ ಗಿಕುಂಡಿಯ ಕೆಮ್ಮು ನಿಂತಿತೇ? ನನ್ನ ಹೆಸರು ಹೊತ್ತ ಪುಟ್ಟ ವೈರೂರಿಗೆ ಹಲ್ಲು ಮೂಡಿತೆಂದು ಓದಿ ಒಬ್ಬಳೇ ಕೂತು ನಕ್ಕೆ. ಮುದುಕಿ ವೈರೂರಿ ಒಂದೊಂದೇ ಹಲ್ಲು ಉದುರಿಸಿಕೊಳ್ಳುತ್ತಿದ್ದಾಳೆ, ಅದನ್ನೇ ಈ ಕಳ್ಳಿ ಎತ್ತಿಕೊಳ್ಳುತ್ತಿದ್ದಾಳೆ ಅನ್ನು. ಇಲ್ಲಿ ನಾವು ಕ್ಷೇಮ. ಮಂಜು ಮಾತ್ರ ಮಧ್ಯಾಹ್ನವಾದರೂ ಬೇಲಿ ಬಿಟ್ಟು ಏಳುತ್ತಿಲ್ಲ.

ಬೆಳಗಿನ ಬಸ್ಸಿನಲ್ಲಿ ಕೋಸಿನ ಮೂಟೆ ಕಳಿಸಿದ್ದೇನೆ. ಜೊತೆಗೇ ಕಾಗದ ಇಡೋಣವೆಂದರೆ ಹಾಳಾದ ಬಸ್ಸು ಇವತ್ತೇ ಬೇಗ ಬರಬೇಕೇ! ಇದನ್ನು ನಾಳೆ ಅಂಚೆಗೆ ಹಾಕುತ್ತೇನೆ. ಕೋಸು ಲಾರಿಗೆ ಹೋಗುವ ಹೊಲದ್ದಲ್ಲ, ಅಡುಗೆಮನೆ ಹಿಂದಿನ ಪಾತಿಯದು. ಹೊಲದ್ದಕ್ಕೆ ಔಷಧಿ ಹೊಡೆಯುತ್ತೇವೆ, ಅದನ್ನು ಈ ಊರಿನಲ್ಲಿ ಯಾರೂ ಬಾಯಿಗಿಡುವುದಿಲ್ಲ. ಮನೆ ಪಾತಿಗೆ ಒಲೆಯ ಬೂದಿ ಬಿಟ್ಟರೆ ಬೇರೇನೂ ಇಲ್ಲ. ನೀನೂ ಅದನ್ನು ತೊಳೆಯದೆ, ಲಂಗಕ್ಕೆ ಒರೆಸಿಕೊಂಡು ತಿಂದೇ ಬೆಳೆದವಳು. ಆದರೆ ಪಟ್ಟಣ ಸೇರಿದ ಮೇಲೆ ನಿನಗೆ ಕೊಂಬು ಬಂದಿದೆ. ಕ್ರಿಸ್‌ಮಸ್ಸಿಗೆ ಬಂದಾಗ ಹೇಳಿದೆಯಲ್ಲ, "ಏನಮ್ಮಾ ಇದು, ಹುಳ ತಿಂದು ಮಿಕ್ಕಿದ್ದನ್ನ ನಮಗೆ ಕಳಿಸ್ತೀಯಾ? ಪಕ್ಕದ ಮನೆಯೋಳು ಎಲೆ ಎತ್ತಿ ಹಿಡಿದು ಆ ತೂತಲ್ಲಿ ನನ್ನ ನೋಡಿ ನಗ್ತಾಳೆ" ಎಂದು. ನಾನು ಸುಮ್ಮನೆ ಬಿಡಲಿಲ್ಲ. ನಿನ್ನ ಅಪ್ಪ ಮಾತ್ರ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದರು.

ಈ ಸಲ ಆ ನಿನ್ನ ಪಕ್ಕದ ಮನೆಯವಳನ್ನು ಕರೆದು ತೋರಿಸು. ಒಂದು ಎಲೆಗೂ ತೂತಿಲ್ಲ! ಬೆಳಿಗ್ಗೆ ಕೊಯ್ಯುವಾಗ ನನಗೇ ಹೆಮ್ಮೆಯಾಯಿತು. ಪಾತಿಯ ಮೇಲೆ ಸದಾ ಆಡುವ ಬಿಳಿ ಚಿಟ್ಟೆಗಳು ಈ ವರ್ಷ ಸುಳಿದೇ ಇಲ್ಲ. ಹುಳ ಹೆಕ್ಕಲು ಬರುವ ಹಕ್ಕಿಗಳೂ ಇಲ್ಲ. ಹಿತ್ತಿಲು ಎಷ್ಟು ನಿಶ್ಶಬ್ದವಾಗಿದೆ ಎಂದರೆ ನನ್ನ ಕತ್ತಿಯ ಸದ್ದು ನನಗೇ ಕೇಳುತ್ತಿತ್ತು. ಚಳಿ ಜಾಸ್ತಿ, ಅದಕ್ಕಿರಬೇಕು. ನಮಗೆಂದು ಒಂದನ್ನೂ ಉಳಿಸಿಕೊಳ್ಳಲಿಲ್ಲ, ಎಲ್ಲ ನಿನಗೇ ತುಂಬಿದೆ.

ಬೇಯಿಸುವುದನ್ನು ಮರೆತಿದ್ದೀಯೋ ಏನೋ. ಕೂದಲೆಳೆಯಂತೆ ಸಣ್ಣಗೆ ಹೆಚ್ಚು. ಈರುಳ್ಳಿ ಕೆಂಪಗಾಗಲಿ, ಟೊಮೇಟೊ ಕರಗಲಿ, ಆಮೇಲೆ ಕೋಸು ಹಾಕು. ಮುಚ್ಚಳ ಮುಚ್ಚಬೇಡ, ಮುಚ್ಚಿದರೆ ನೀರು ಬಿಟ್ಟು ಸೊರಗುತ್ತದೆ. ಹಲ್ಲಿಗೆ ಇನ್ನೂ ಕರುಕುರು ಎನ್ನುತ್ತಿರುವಾಗಲೇ ಇಳಿಸಿ, ಬಿಸಿ ಮುದ್ದೆಯ ಪಕ್ಕ ಹಾಕಿಕೊಟ್ಟರೆ ಗಿಕುಂಡಿ ಮಾಂಸವನ್ನೂ ಕೇಳುವುದಿಲ್ಲ. ಮಗುವಿಗೆ ಬೇರೆಯಾಗಿ ಬೇಯಿಸಿ, ಆಲೂಗಡ್ಡೆ ಜೊತೆ ಮಸೆದು, ಆ ಸಿಹಿ ನೀರನ್ನೂ ಕುಡಿಸು. ನೀನು ನನ್ನ ಮಾತು ಯಾವತ್ತು ಕೇಳಿದ್ದೀಯಾ? ಅದಕ್ಕೇ ಕಂಡಕ್ಟರನ ಬಾಯಲ್ಲೂ ಹೇಳಿ ಕಳಿಸಿದ್ದೇನೆ, "ಬಾಡಿಸಬೇಡ, ಇವತ್ತು ಸಂಜೆಯೇ ಮಗೂಗೆ ಕೊಡಬೇಕಂತೆ" ಎಂದು.

ಹೊರಗಿನ ಎಲೆಗಳನ್ನು ಕುರಿಗೆ ಹಾಕಿದ್ದೆ. ಅದು ಯಾಕೋ ಮಲಗಿಬಿಟ್ಟಿದೆ, ಬಾಯಲ್ಲಿ ನೊರೆ, ಕಾಲು ನಡುಗುತ್ತಿದೆ. ಏನು ಮೇಯಿತೋ! ನಿನ್ನ ಅಪ್ಪ ನಾನು ಏಳುವ ಮೊದಲೇ ಡೇರಿಗೆ ಹೋದವರು, ಬರಲಿ, ಅವರಿಗೆ ಕುರಿಯ ವಿಷಯ ಗೊತ್ತು. ಯಾಕೋ ನನ್ನ ಮನಸ್ಸೂ ಸರಿಯಿಲ್ಲ. ಎರಡು ಸಲ ಎದ್ದು ಹೋಗಿ ನೋಡಿ ಬಂದೆ.

ಅಳಿಯನಿಗೆ ನಮಸ್ಕಾರ ಹೇಳು. ಬೆಟ್ಟದ ಮೇಲಿನ ದೇವರು ನಿಮ್ಮ ಬಾಗಿಲು ಕಾಯಲಿ. ಮಗುವಿನ ಆ ಒಂದು ಹಲ್ಲಿಗೆ ನನ್ನ ಮುತ್ತು.

ನಿನ್ನ ತಾಯಿ,
ವೈರೂರಿ

ತಾ.ಕ. ಕೋಸು ಮುಟ್ಟಬೇಡ ನ್ಯಾಗಾಕಿ. ಮಗುವಿಗೆ ಕೊಡಬೇಡ, ಆ ನೀರನ್ನೂ ಕೊಡಬೇಡ. ಕುರಿ ಸತ್ತಿತು. ಅಪ್ಪ ಈಗ ಬಂದರು, ಖಾಲಿ ಪಾತಿ ನೋಡಿ ಕೋಸೆಲ್ಲ ಎಲ್ಲಿ ಎಂದು ಕೂಗಿದರು. "ಮಗಳನ್ನ ನೋಡಿ ನಗ್ತಾರೆ ಅಂದ್ಲಲ್ಲ, ತಡ್ಕೊಳ್ಳೋಕೆ ಆಗ್ಲಿಲ್ಲ ಕಣೆ. ನೀನು ಚರ್ಚಿಗೆ ಹೋದಾಗೆಲ್ಲ ಈ ಪಾತಿಗೂ ಔಷಧಿ ಪಂಪು ಹಿಡಿದೆ. ಮೊನ್ನೆ ಭಾನುವಾರಾನೂ ಹೊಡೆದೆ. ಇಷ್ಟು ಬೇಗ ಕುಯ್ತೀಯ ಅಂತ ನನಗೇನು ಗೊತ್ತು?" ಅನ್ನುತ್ತಿದ್ದಾರೆ. ನಿಮ್ಮ ಬೀದಿಯಲ್ಲಿ ಫೋನಿಲ್ಲ. ಹಾಲಿನ ಲಾರಿ ಹೊರಟು ನಿಂತಿದೆ, ಅದರಲ್ಲಿ ಅವರೇ ಬರುತ್ತಿದ್ದಾರೆ. ನಿನ್ನ ಮುಖ ಕಂಡರೆ ಅವರಿಗೆ ಮಾತು ಹೊರಡುವುದಿಲ್ಲ, ಅದಕ್ಕೇ ಈ ಕಾಗದ ಅವರ ಕೈಯಲ್ಲಿ ಕೊಟ್ಟಿದ್ದೇನೆ. ಮಗು ತಿಂದಿದ್ದರೆ ಅಪ್ಪನನ್ನು ಬೈಯುತ್ತ ನಿಲ್ಲಬೇಡ, ಎತ್ತಿಕೊಂಡು ಆಸ್ಪತ್ರೆಗೆ ಓಡು. ಹುಟ್ಟಿದಾಗಿನಿಂದ ನೀನು ನನ್ನ ಮಾತು ಕೇಳಿದವಳಲ್ಲ. ಆ ಕಂಡಕ್ಟರ ಹೇಳಿದ್ದನ್ನು ಇವತ್ತೂ ಕೇಳದೇ ಇದ್ದಿರು, ನನ್ನ ತಾಯೀ.