ನಡುಗುವವರ ಮನೆಯಲ್ಲಿ ಉಳಿತಾಯವೆಲ್ಲಿಂದ?

ಕಟ್ಟಡ ನವೀಕರಣ ಇಲಾಖೆಯ ಮಾನ್ಯ ಮುಖ್ಯಸ್ಥರೇ,

ಪೆರ್ನಿಕ್ ಪಟ್ಟಣದ ನಮ್ಮ ಕಟ್ಟಡದ ಗೋಡೆಗಳಿಗೆ ಶಾಖ ಹಿಡಿದಿಡುವ ಹೊದಿಕೆ ಹಾಕಿಸಲು ತಾವು ನಿರಾಕರಿಸಿದ್ದೀರಿ. ಕಾರಣ, ಹೊದಿಕೆ ಹಾಕಿದರೂ ಇಲ್ಲಿ ಉಳಿತಾಯವಾಗುವ ವಿದ್ಯುತ್ ತೀರಾ ಅಲ್ಪವಂತೆ. ಸತ್ಯವಾದ ಮಾತು. ಒಂದೇ ಹೀಟರಿನ ಮುಂದೆ ಅಡುಗೆಮನೆಯಲ್ಲೇ ಚಳಿಗಾಲ ಕಳೆಯುವವರಿಂದ ಇನ್ನೇನನ್ನು ಉಳಿಸುತ್ತೀರಿ? ಧಾರಾಳವಾಗಿ ಉರಿಸುವವರಿಗೆ ಹೊದಿಕೆ, ನಡುಗುವವರಿಗೆ ವಿಷಾದಪತ್ರ. ಇಂಥ ನ್ಯಾಯವನ್ನು ಬೆಚ್ಚಗಿನ ಕೊಠಡಿಯಲ್ಲಿ ಕೂತೇ ರೂಪಿಸಿರಬೇಕು.

ನನ್ನ ಅಕ್ಕ ಜ್ಲಾಟ್ಕಾ ನಮ್ಮೂರ ರೈಲು ನಿಲ್ದಾಣದಲ್ಲಿ ಗಾಡಿಗಳ ಆಗಮನ, ನಿರ್ಗಮನವನ್ನು ಧ್ವನಿವರ್ಧಕದಲ್ಲಿ ಕೂಗುತ್ತಿದ್ದವಳು. ಮುಖ ಕಾಣದವರೂ ಅವಳ ಕಂಠ ಬಲ್ಲವರು. ನಿವೃತ್ತಳಾದ ಮೇಲೆ ನನ್ನ ಜೊತೆಗೇ ಇದ್ದಳು. ಅವಳ ಕೋಣೆಯ ಗೋಡೆ ಚಳಿಗೆ ಬೆವರುತ್ತಿತ್ತು, ಮೂಲೆಯಿಂದ ಕಪ್ಪು ಬೂಷ್ಟು ಹಬ್ಬುತ್ತಿತ್ತು. ಉಜ್ಜಿದೆವು, ಬಣ್ಣ ಬಳಿದೆವು. ಕ್ರಿಸ್ಮಸ್ ಹೊತ್ತಿಗೆ ಅದು ಮತ್ತೆ ಹಾಜರು. ಅಕ್ಕನ ಎದೆ ಕಟ್ಟಿತು. ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲಬೇಕಾಯಿತು.

"ಮಾತ್ರೆ ಬರ್ಕೊಡ್ತೀನಮ್ಮಾ. ಆ ಗೋಡೆಗೆ ಏನು ಬರೀಲಿ?" ಎಂದರು ವೈದ್ಯರು.

ತಮ್ಮ ಪರಿವೀಕ್ಷಕನೂ ಬಂದಿದ್ದ. ಒಳ್ಳೆಯ ಹುಡುಗ, ಕೋಟು ಮಾತ್ರ ಬಿಚ್ಚಲಿಲ್ಲ. ಮೀಟರ್ ನೋಡಿ, "ನೀವು ಕರೆಂಟ್ ಬಳಸೋದೇ ಇಲ್ವಲ್ಲಮ್ಮಾ, ಉಳಿಸೋದೇನು?" ಎಂದ.

"ಜಾಸ್ತಿ ಸುಟ್ಟಿದ್ರೆ ನಮ್ಮನ್ನ ಉಳಿಸ್ತಿದ್ರಾ ತಮ್ಮಾ?" ಎಂದಳು ಅಕ್ಕ.

ಅವನು ಕೈಯಲ್ಲಿದ್ದ ತಪಾಸಣಾ ನಮೂನೆಯನ್ನು ತಿರುಗಿಸಿ ತೋರಿಸಿದ. "ಗೋಡೆ ಬಗ್ಗೆ ಬರ್ಕೊಳ್ಳೋಕೆ ನನಗೆ ಜಾಗವೇ ಕೊಟ್ಟಿಲ್ಲಮ್ಮಾ."

ಫೆಬ್ರವರಿಯಲ್ಲಿ ಎದುರು ಕಟ್ಟಡದ ಗೆಳತಿ ತ್ಸೋಂಕಾ ಅಕ್ಕನನ್ನು ತನ್ನ ಮನೆಗೆ ಕರೆದೊಯ್ದಳು. ತಾವು ಹೊದಿಕೆ ಹಾಕಿಸಿದ ಕಟ್ಟಡವದು. ಕೆಲವೇ ದಿನಗಳಲ್ಲಿ ಕೆಮ್ಮು ಇಳಿಯಿತು. ದಿಂಬುಗಳಿಗೆ ಒರಗಿ ಕೂರದೆ, ಮಲಗಿ ನಿದ್ರಿಸಿದಳು. ಒಂದು ಬೆಳಿಗ್ಗೆ ನಾನು ಹೋದಾಗ ಪತ್ರಿಕೆಯನ್ನು ನಿಲ್ದಾಣದ ಗತ್ತಿನಲ್ಲೇ ಗಟ್ಟಿಯಾಗಿ ಓದುತ್ತಿದ್ದಳು. ತ್ಸೋಂಕಾ, "ಸಾಕು ಮಾರಾಯ್ತಿ, ರೈಲು ಹೊರಟ್ಹೋಯ್ತು!" ಎಂದು ನಗುತ್ತಿದ್ದಳು. ಈ ನಗು, ಈ ನಿದ್ರೆ ತಮ್ಮ ಯಾವ ಮೀಟರಿನಲ್ಲಿ ದಾಖಲಾಗಿವೆ?

"ಇನ್ನೊಬ್ಬರ ಮನೇಲಿ ಎಷ್ಟು ದಿನ ಅಂತ ಇರ್ಲಿ ನೆವೆನಾ?" ಎಂದು ಅಕ್ಕ ಹಿಂತಿರುಗಿದಳು. ನಾನೂ ತಡೆಯಲಿಲ್ಲ, ಮನೆ ಎಂದರೆ ಮನೆಯೇ ತಾನೇ? ಮಾರ್ಚ್ ತಿಂಗಳ ಹಿಮದಲ್ಲಿ ಅವಳನ್ನು ಮಣ್ಣು ಮಾಡಿದೆವು. ನ್ಯುಮೋನಿಯಾ ಎಂದರು ವೈದ್ಯರು. ಗೋಡೆಯೇ ಕೊಂದಿತೆಂದು ಅವರು ಹೇಳಲಿಲ್ಲ, ನಾನೂ ಹೇಳಲಾರೆ. ಆದರೆ ರಸ್ತೆಯ ಆ ಬದಿ ಉಸಿರಾಡಿದವಳು ಈ ಬದಿ ಉಸಿರಾಡಲಿಲ್ಲ. ಅಷ್ಟನ್ನು ಕಣ್ಣಾರೆ ಕಂಡಿದ್ದೇನೆ.

ಈಗ ನಮ್ಮ ಕೆಳಗಿನ ಮನೆಗೆ ಕಲೀನಾ ಎಂಬ ಯುವತಿ ಬಂದಿದ್ದಾಳೆ, ಕಂಕುಳಲ್ಲಿ ಹೆಣ್ಣು ಹಸುಗೂಸು. ಅಕ್ಕನ ಕೋಣೆಯ ನೇರ ಕೆಳಗೆ ತೊಟ್ಟಿಲು ಇಟ್ಟಿದ್ದಾಳೆ. ನಿನ್ನೆ ಬಾಗಿಲು ತಟ್ಟಿ, "ಆಂಟೀ, ಮಗು ಎದೆ ಸಿಳ್ಳೆ ಹೊಡೆದ ಹಾಗೆ ಕೇಳ್ಸುತ್ತೆ, ಹಾಗಾಗೋದು ಮಾಮೂಲಾ?" ಎಂದಳು. ಏನು ಹೇಳಲಿ ಮಾನ್ಯರೇ? ಆ ಮಗುವೂ ವಿದ್ಯುತ್ ಬಳಸುವುದು ಕಡಿಮೆಯೇ.

ಆದ್ದರಿಂದ ನನ್ನ ಆಗ್ರಹ ಇಷ್ಟು: ತಮ್ಮ ನಿರಾಕರಣೆಯನ್ನು ಹಿಂಪಡೆಯಿರಿ. ಉಸಿರನ್ನು, ನಿದ್ರೆಯನ್ನು, ಬೂಷ್ಟಿಲ್ಲದ ಗೋಡೆಯನ್ನು ಲಾಭವೆಂದು ಪರಿಗಣಿಸಿ. ಮುಂದಿನ ಚಳಿಗಾಲದೊಳಗೆ ಕೆಲಸ ಮುಗಿಸಿ. ಅಕ್ಕನಿಗಾಗಿ ನಾನೇನನ್ನೂ ಕೇಳುತ್ತಿಲ್ಲ. ತೊಟ್ಟಿಲಲ್ಲಿ ಇರುವವಳು ಇನ್ನೂ ಬದುಕಿದ್ದಾಳೆ.

ಇಂತಿ,
ತಮ್ಮ ಇಲಾಖೆಗೆ ಯಾವ ಲಾಭವನ್ನೂ ತರಲಾಗದ,
ನೆವೆನಾ ಗರ್ವಾಲೋವಾ